ಮುನ್ನೂರು ಸದಸ್ಯರ ಪಕ್ಷ ನಲವತ್ತೈದು ಜನರೆದುರು ಸೋಲುವುದೇಕೆ?

ಪ್ರಶ್ನೆ: ಅಜ್ಜಂಪುರ, ತರೀಕೆರೆ, ಕಡೂರು ಕಡೆಯ ಒಂದಷ್ಟು ಸ್ನೇಹಿತರು ಸೇರಿ ಆನ್‌ಲೈನ್‌ನಲ್ಲಿ ಚುನಾವಣೆ ಆಟ ಆಡುತ್ತೇವೆ. ಪಕ್ಷ ಕಟ್ಟಬಹುದು, ಸದಸ್ಯರನ್ನು ಸೇರಿಸಿಕೊಳ್ಳಬಹುದು, ತಿಂಗಳಿಗೊಮ್ಮೆ ಮತದಾನ ಇರುತ್ತದೆ. ನಮ್ಮ ಪಕ್ಷದಲ್ಲಿ ಮುನ್ನೂರು ಸದಸ್ಯರಿದ್ದಾರೆ. ಆದರೂ ನಲವತ್ತೈದು ಜನರ ಪಕ್ಷವೊಂದು ಪ್ರತಿ ಸಲ ನಮ್ಮನ್ನು ಸೋಲಿಸುತ್ತದೆ. ಆಟದಲ್ಲೇ ಏನಾದರೂ ಮೋಸ ಇದೆಯಾ? ನಮ್ಮ ಕಡೆಯ ನಿಜವಾದ ಚುನಾವಣೆಗಳಲ್ಲೂ ಹೀಗೇನಾ? ಪಕ್ಷದ ಸಂಘಟನೆಯಿಂದ ಮತದಾನ ಹೆಚ್ಚುತ್ತದೆ ಅನ್ನುವುದು ನಿಜವಾ?
— ಪಿಯುಸಿ ವಿದ್ಯಾರ್ಥಿ, ಅಜ್ಜಂಪುರ

ಉತ್ತರ: ಮೋಸ ಇರಲಿಕ್ಕಿಲ್ಲ. ನಿಮ್ಮ ಮುನ್ನೂರರಲ್ಲಿ ಮತ ಹಾಕುವವರು ಮೂವತ್ತಾರು ಮಂದಿ, ಅವರ ನಲವತ್ತೈದರಲ್ಲಿ ನಲವತ್ತು ಮಂದಿ ಎಂದುಕೊಳ್ಳಿ. ನಿಮ್ಮದು ಶೇ 12, ಅವರದು ಶೇ 89. ಎಣಿಸುವಾಗ ಪಕ್ಷಕ್ಕೆ ಎಷ್ಟು ಜನ ಸೇರಿದ್ದರು ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಮಾತ್ರ ಇಷ್ಟು ಸಲೀಸಲ್ಲ. ನಮ್ಮ ಕಡೆ ಜನ ಮತಗಟ್ಟೆಗೆ ಬರುವುದಕ್ಕೆ ಪಕ್ಷಗಳೇ ಮುಖ್ಯ ಕಾರಣವಲ್ಲ. ಹಾಗೆಂದು ಸಂಘಟನೆ ದಂಡ ಎಂದೂ ಅಲ್ಲ. ಅದು ಬೇರೆ ಕಡೆ ಕೆಲಸಕ್ಕೆ ಬರುತ್ತದೆ.

ಮೊದಲು ಆಟ. ಇಂಥ ಆಟಗಳಲ್ಲಿ ಹೆಸರಾದದ್ದು 2008ರಲ್ಲಿ ಶುರುವಾದ, ರೊಮೇನಿಯಾ ಮೂಲದ ಈರಿಪಬ್ಲಿಕ್. ಅಲ್ಲಿ ಅಧ್ಯಕ್ಷರಿಗೆ, ಪಕ್ಷದ ಮುಖ್ಯಸ್ಥರಿಗೆ, ಸಂಸತ್ತಿಗೆ ತಿಂಗಳು ತಿಂಗಳೂ ಚುನಾವಣೆ. ಆಡುವವರು ಬಹಳ ಬೇಗ ಒಂದು ತಂತ್ರ ಕಂಡುಕೊಂಡರು. ಹೆಸರಿಗಷ್ಟೇ ದೊಡ್ಡದಾಗಿ, ಒಳಗೆ ಮಲಗಿರುವ ಪಕ್ಷವನ್ನು ಹುಡುಕುವುದು; ಹೊರಗಿನ ಒಂದು ಗುಂಪು ಒಟ್ಟಾಗಿ ಅದಕ್ಕೆ ಸೇರಿ, ಆಂತರಿಕ ಚುನಾವಣೆಯ ದಿನ ಒಬ್ಬನಿಗೇ ಮತ ಹಾಕಿ ಪಕ್ಷವನ್ನೇ ಕೈವಶ ಮಾಡಿಕೊಳ್ಳುವುದು. ಹಳೆಯ ಸದಸ್ಯರು ತಿಂಗಳ ನಂತರ ಲಾಗಿನ್ ಆಗಿ ನೋಡಿದರೆ ಪಕ್ಷದ ಹೆಸರು ಅದೇ, ಯಜಮಾನರು ಬೇರೆ. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ 2002ರಲ್ಲಿ ಆರಂಭಿಸಿದ ನೇಷನ್‌ಸ್ಟೇಟ್ಸ್ ಆಟ ಈ ತೊಂದರೆಗೆ ಒಂದು ಮದ್ದು ಮಾಡಿಕೊಂಡಿದೆ. ಸಾಮಾನ್ಯವಾಗಿ 28 ದಿನ ಲಾಗಿನ್ ಆಗದಿದ್ದರೆ ನಿಮ್ಮ ದೇಶವೇ ನಕ್ಷೆಯಿಂದ ಮಾಯ. ಇದ್ದವರನ್ನು ಮಾತ್ರ ಎಣಿಸುವ ಪಟ್ಟಿ ಅದು. ನೀವು ಆಡುವ ಆಟದಲ್ಲಿ ಇಂಥ ನಿಯಮ ಇಲ್ಲವೆಂದು ತೋರುತ್ತದೆ. ಹಾಗಾಗಿ ಒಮ್ಮೆ ಸೇರಿ ಬಿಟ್ಟುಹೋದವರೆಲ್ಲ ನಿಮ್ಮ ಮುನ್ನೂರರಲ್ಲಿ ಇನ್ನೂ ಇದ್ದಾರೆ.

ನಮ್ಮ ಸಹಕಾರ ಸಂಘಗಳಿಗೆ ಈ ಕಷ್ಟ ಹಳೆಯದು. ವಾರ್ಷಿಕ ಸಭೆಗೆ ಬರಲಿಲ್ಲ, ಸಂಘದಲ್ಲಿ ವ್ಯವಹಾರ ಇಟ್ಟುಕೊಳ್ಳಲಿಲ್ಲ ಎಂಬ ಕಾರಣಕ್ಕೆ ‘ಅನರ್ಹ ಮತದಾರರ ಪಟ್ಟಿ’ಗೆ ಸೇರಿ, ಮತದ ಹಕ್ಕಿಗಾಗಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಷೇರುದಾರರು ರಾಜ್ಯದ ಉದ್ದಕ್ಕೂ ಸಿಗುತ್ತಾರೆ. ಎಷ್ಟೋ ಕಡೆ ವಿಎಸ್‌ಎಸ್‌ಎನ್ (ವ್ಯವಸಾಯ ಸೇವಾ ಸಹಕಾರ ಸಂಘ) ಚುನಾವಣೆಯ ಅರ್ಧ ಜಗಳ ಮತದಾನಕ್ಕೆ ಮುಂಚೆ, ಯಾರು ಅರ್ಹರು ಎಂಬ ಪಟ್ಟಿಯ ಮೇಲೆಯೇ ನಡೆದುಹೋಗಿರುತ್ತದೆ.

ವಿಧಾನಸಭೆ, ಲೋಕಸಭೆಯ ಪಟ್ಟಿಗೂ ಇದೇ ಕಾಯಿಲೆ ಉಂಟು, ಸ್ವಲ್ಪ ಬೇರೆ ಬಗೆಯಲ್ಲಿ. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ ಹಾಸನ ಕ್ಷೇತ್ರದಲ್ಲೂ ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲೂ ಶೇ 77ರ ಮೇಲೆ ಮತ ಬಿತ್ತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಬಿದ್ದದ್ದು ಶೇ 53ರಷ್ಟು. ಬೆಂಗಳೂರಿನವರು ಸೋಮಾರಿಗಳು ಎಂದು ಟೀವಿಯಲ್ಲಿ ಬೈದದ್ದನ್ನು ಕೇಳಿರುತ್ತೀರಿ. ಬೈಯುವ ಮೊದಲು ಶೇಕಡಾವಾರಿನ ಕೆಳಗಿರುವ ಅಂಕಿಯನ್ನೂ ನೋಡಬೇಕು. ಮನೆ ಬದಲಿಸಿದವರು, ಊರಲ್ಲೂ ಒಂದು ಹೆಸರು ಉಳಿಸಿಕೊಂಡವರು, ತೀರಿಕೊಂಡರೂ ಹೆಸರು ತೆಗೆಸದೆ ಉಳಿದವರು, ಇವರೆಲ್ಲ ನಗರದ ಪಟ್ಟಿಯನ್ನು ಉಬ್ಬಿಸುತ್ತಾರೆ. ಪಟ್ಟಿ ಉಬ್ಬಿದಷ್ಟೂ ಮತದಾನದ ಪ್ರಮಾಣ ಕುಗ್ಗಿ ಕಾಣುತ್ತದೆ. ಸಣ್ಣ ಊರಿನಲ್ಲಿ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ನೋಡಿಕೊಳ್ಳುವ ಅಂಗನವಾಡಿ ಕಾರ್ಯಕರ್ತೆಗೋ ಮೇಷ್ಟರಿಗೋ ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಮಗಳು ಮದುವೆಯಾಗಿ ಯಾವ ಊರಿಗೆ ಹೋದಳು ಎಂಬುದು ಗೊತ್ತಿರುತ್ತದೆ. ಅಲ್ಲಿಯ ಪಟ್ಟಿ ಊರಿಗೆ ಹೆಚ್ಚು ಹತ್ತಿರ.

ಪಟ್ಟಿಯ ಲೆಕ್ಕ ಕಳೆದರೂ ವ್ಯತ್ಯಾಸ ಉಳಿಯುತ್ತದೆ. ಅದಕ್ಕೆ ಕಾರಣ, ನಮ್ಮಲ್ಲಿ ಮತದಾನ ಎಲ್ಲರ ಕಣ್ಣೆದುರಿಗೆ ನಡೆಯುವ ಕೆಲಸ. ಮತಗಟ್ಟೆ ಅಂದರೆ ತಾವು ಓದಿದ ಶಾಲೆ. ಸಾಲಿನಲ್ಲಿ ನಿಂತವರೆಲ್ಲ ಗುರುತಿನವರು. ಎಡಗೈ ತೋರುಬೆರಳಿಗೆ ಹಚ್ಚುವ, ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ 1962ರಿಂದ ತಯಾರಾಗುತ್ತಿರುವ ಶಾಯಿ ಸಂಜೆ ಹೋಟೆಲಿನಲ್ಲಿ ಟೀ ಲೋಟ ಹಿಡಿದಾಗ ಎಲ್ಲರಿಗೂ ಕಾಣುತ್ತದೆ. “ಹಾಕಿದ್ಯೇನಪ್ಪಾ?” ಎಂದು ಕೇಳುವವರಿಗೆ ಕಡಿಮೆಯಿಲ್ಲ. ಹಾಕದಿದ್ದವನು ಸಬೂಬು ಹೇಳಬೇಕಾಗುತ್ತದೆ.

ಇದು ನಮ್ಮ ಕಡೆಯವರಿಗೆ ಮಾತ್ರ ಇರುವ ಗುಣವೇನಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರ ಆಗಸ್ಟ್ ಚುನಾವಣೆಗೆ ಮುಂಚೆ ಆಲನ್ ಗರ್ಬರ್, ಡೊನಾಲ್ಡ್ ಗ್ರೀನ್, ಕ್ರಿಸ್ಟೋಫರ್ ಲಾರಿಮರ್ ಎಂಬ ಮೂವರು ವಿದ್ವಾಂಸರು ಸಾವಿರಾರು ಮನೆಗಳಿಗೆ ಬೇರೆ ಬೇರೆ ಬಗೆಯ ಪತ್ರ ಕಳಿಸಿದರು. ಒಂದು ಬಗೆಯ ಪತ್ರದಲ್ಲಿ ಆ ಮನೆಯವರ ಜೊತೆಗೆ ಅಕ್ಕಪಕ್ಕದ ಮನೆಯವರ ಹೆಸರೂ, ಹಿಂದಿನ ಚುನಾವಣೆಗಳಲ್ಲಿ ಯಾರು ಮತ ಹಾಕಿದ್ದರು ಎಂಬುದೂ ಅಚ್ಚಾಗಿತ್ತು. ಮತದಾನ ಮುಗಿದ ಮೇಲೆ ಇನ್ನೊಂದು ಪಟ್ಟಿ ಕಳಿಸುತ್ತೇವೆ ಎಂದೂ ಬರೆದಿತ್ತು. ಯಾವ ಪತ್ರವೂ ಹೋಗದವರಲ್ಲಿ ಶೇ 29.7 ಮಂದಿ ಮತ ಹಾಕಿದರೆ, ಈ ಪತ್ರ ಹೋದವರಲ್ಲಿ ಶೇ 37.8 ಮಂದಿ ಹಾಕಿದರು. ನೆರೆಯವರು ನೋಡುತ್ತಾರೆ ಎಂಬ ಒಂದೇ ಭಾವನೆಗೆ ಅಷ್ಟು ಬಲ. ಅದೇ ಗರ್ಬರ್ ಮತ್ತು ಗ್ರೀನ್ 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ನಡೆಸಿದ ಪ್ರಯೋಗದಲ್ಲಿ, ಮನೆ ಬಾಗಿಲಿಗೆ ಹೋಗಿ ಮಾತಾಡಿದ್ದು ಫಲ ಕೊಟ್ಟಿತು. ಬಾಡಿಗೆ ಕಾಲ್ ಸೆಂಟರಿನಿಂದ ಮಾಡಿಸಿದ ಫೋನ್ ಕರೆ ಫಲ ಕೊಡಲಿಲ್ಲ.

ನಿಮ್ಮ ಆಟಕ್ಕೆ ಇನ್ನೂ ಹತ್ತಿರದ್ದು ಫೇಸ್‌ಬುಕ್ಕಿನ 2010ರ ಪ್ರಯೋಗ. ಅಮೆರಿಕದ ಚುನಾವಣೆಯ ದಿನ ಸುಮಾರು 6.1 ಕೋಟಿ ಬಳಕೆದಾರರ ಪರದೆಯ ಮೇಲೆ ‘ಇಂದು ಮತದಾನ’ ಎಂಬ ಸೂಚನೆ ಬಂತು. ಬರೀ ಸೂಚನೆ ನೋಡಿದವರ ಮತದಾನ ಹೆಚ್ಚಲಿಲ್ಲ. ಸೂಚನೆಯ ಜೊತೆಗೆ ಈಗಾಗಲೇ ಮತ ಹಾಕಿದ ತಮ್ಮ ಸ್ನೇಹಿತರ ಮುಖಗಳನ್ನು ಕಂಡವರಲ್ಲಿ ಅದು ಹೆಚ್ಚಿತು. ಏರಿಕೆ ಶೇ 1ಕ್ಕಿಂತಲೂ ಕಡಿಮೆ ನಿಜ. ಆದರೆ ಕೋಟಿಗಳ ಮೇಲೆ ಅಷ್ಟೂ ಲಕ್ಷಗಳಾಗುತ್ತವೆ. ನಿಮ್ಮ ಆಟದ ಸದಸ್ಯ ರಾತ್ರಿ ಒಬ್ಬನೇ ಕೂತು ಗುಂಡಿ ಒತ್ತಬೇಕು. ಒತ್ತದಿದ್ದರೆ ಕೇಳುವವರಿಲ್ಲ. ನಿಮ್ಮನ್ನು ಸೋಲಿಸುವ ಆ ನಲವತ್ತೈದು ಜನ ಬಹುಶಃ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ. ಒಬ್ಬೊಬ್ಬರೂ ಹಾಕಿದೆ ಎಂದು ಬರೆಯುತ್ತಾರೆ, ಬರೆಯದವನನ್ನು ಉಳಿದವರು ಕೆಣಕುತ್ತಾರೆ.

ಹಾಗಾದರೆ ನಿಜವಾದ ಪಕ್ಷಗಳ ಸಂಘಟನೆ ಮಾಡುವುದೇನು? ಮತದಾನದ ದಿನ ಒಂದು ಬೂತ್ ಹೇಗೆ ನಡೆಯುತ್ತದೆ, ಹತ್ತಿರದಿಂದ ನೋಡಿ. ಏಳಕ್ಕೆ ಮತದಾನ ಶುರುವಾಗಬೇಕಾದರೆ ಒಂದೂವರೆ ಗಂಟೆ ಮುಂಚೆ, ಅಂದರೆ ಐದೂವರೆಗೆ, ಏಜೆಂಟರ ಎದುರಿಗೆ ಅಣಕು ಮತದಾನ ಆಗುತ್ತದೆ. ಕನಿಷ್ಠ 50 ಮತ ಹಾಕಿ, ಎಣಿಸಿ, ತಾಳೆ ನೋಡಿ, ಅಳಿಸಿ, ಯಂತ್ರಕ್ಕೆ ಮೊಹರು ಹಾಕುತ್ತಾರೆ. ಕತ್ತಲಿನ್ನೂ ಪೂರ್ತಿ ಹರಿಯದ ಆ ಹೊತ್ತಿಗೆ ನಿಮ್ಮ ಪಕ್ಷದ ಒಬ್ಬ ಆ ಬೆಂಚಿನ ಮೇಲೆ ಕೂತಿದ್ದಾನೋ ಇಲ್ಲವೋ ಎಂಬುದೇ ಸಂಘಟನೆಯ ಮೊದಲ ಪರೀಕ್ಷೆ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಇನ್ನೂರರ ಮೇಲೆ ಮತಗಟ್ಟೆ ಇರುವುದು ಸಾಮಾನ್ಯ. ಪ್ರತಿಯೊಂದಕ್ಕೂ ಒಬ್ಬ ಏಜೆಂಟ್, ಅವನು ಊಟಕ್ಕೆ ಎದ್ದರೆ ಕೂರಲು ಇನ್ನೊಬ್ಬ: ನಾನೂರು ಮಂದಿ ಒಳಗೇ ಬೇಕು. ಹೊರಗೆ, 200 ಮೀಟರ್ ಆಚೆ, ಒಂದು ಮೇಜು ಎರಡು ಕುರ್ಚಿ ಹಾಕಿಕೊಂಡು ಚೀಟಿ ಬರೆದುಕೊಡುವವರು ಬೇರೆ.

ಒಳಗಿನ ಏಜೆಂಟ್ ಮಾಡುವುದು ಬೇಸರದ ಕೆಲಸ. ಮತಗಟ್ಟೆಯ ಅಧಿಕಾರಿ ಗಟ್ಟಿಯಾಗಿ ಹೆಸರು, ಕ್ರಮಸಂಖ್ಯೆ ಓದುತ್ತಾರೆ. ಏಜೆಂಟ್ ತನ್ನ ಲಿಸ್ಟಿನಲ್ಲಿ ಆ ಹೆಸರಿಗೆ ಗೀಟು ಎಳೆಯುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಗೀಟು ಬೀಳದ ಹೆಸರುಗಳು ಕಣ್ಣಿಗೆ ಹೊಡೆಯುತ್ತವೆ. ಇಂಥವರ ಮನೆಯಿಂದ ಇನ್ನೂ ಯಾರೂ ಬಂದಿಲ್ಲ, ತೋಟದಲ್ಲಿರಬೇಕು. ಈ ನಾಲ್ಕು ಮಂದಿ ಬೆಂಗಳೂರಿನಲ್ಲಿದ್ದಾರೆ. ಆ ಅಜ್ಜಿಗೆ ನಡೆಯಲಾಗದು, ಮನೆಯಿಂದಲೇ ಮತ ಹಾಕಲು ಅರ್ಜಿ ಕೊಟ್ಟಿದ್ದರಾ? (2023ರಲ್ಲಿ 80 ದಾಟಿದವರಿಗೆ, 2024ರಲ್ಲಿ 85 ದಾಟಿದವರಿಗೆ ಆ ಸೌಲಭ್ಯವಿತ್ತು.) ಲಿಸ್ಟಿನ ಒಂದೊಂದು ಪುಟಕ್ಕೆ ಒಬ್ಬೊಬ್ಬ ಕಾರ್ಯಕರ್ತನನ್ನು ಹೊಣೆ ಮಾಡುವ ‘ಪೇಜ್ ಪ್ರಮುಖ್’ ಪದ್ಧತಿಯನ್ನು ಬಿಜೆಪಿ ಬೆಳೆಸಿದ್ದು ಇದಕ್ಕೇ. ಮೂವತ್ತರಷ್ಟು ಹೆಸರು ಒಬ್ಬನ ತಲೆಯಲ್ಲಿ ನಿಲ್ಲುತ್ತವೆ, ಸಾವಿರ ನಿಲ್ಲುವುದಿಲ್ಲ.

ಹೀಗೆ ಹುಡುಕಿ ತಂದ ಮತ ಬೂತಿಗೆ ಹತ್ತೋ ಹದಿನೈದೋ ಆದೀತು. ಬಹಳಷ್ಟು ಸಲ ಅದರಿಂದ ಫಲಿತಾಂಶ ಬದಲಾಗುವುದಿಲ್ಲ. ಪೈಪೋಟಿ ಬಿಗಿಯಾದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. 2023ರಲ್ಲಿ ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ನಯನಾ ಮೋಟಮ್ಮ ಗೆದ್ದದ್ದು 722 ಮತಗಳಿಂದ. ಇನ್ನೂರು ಬೂತಿಗೆ ಹಂಚಿದರೆ ಬೂತಿಗೆ ನಾಲ್ಕು ಮತವೂ ಇಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. ಇಂಥ ಕಡೆ ತೋಟಕ್ಕೆ ಹೋಗಿ ಕರೆತಂದ ಒಬ್ಬ ಮತದಾರ ಶಾಸಕರನ್ನೇ ಬದಲಿಸಬಲ್ಲ.

ಈಗ ಆಟದವರು ಮರೆಯುವ ಇನ್ನೊಂದು ಸಂಗತಿ. ಮತದಾನ ಎಷ್ಟಾಯಿತು ಎಂಬುದು ಯಾರಿಗಾಯಿತು ಎಂದು ಹೇಳುವುದಿಲ್ಲ. ನಿಮ್ಮ ಮೂರು ತಾಲ್ಲೂಕುಗಳೇ ಇದಕ್ಕೆ ಒಳ್ಳೆಯ ಸಾಕ್ಷಿ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಹಾಸನ ಕ್ಷೇತ್ರಕ್ಕೆ ಸೇರುತ್ತದೆ. ತರೀಕೆರೆ ಉಡುಪಿ–ಚಿಕ್ಕಮಗಳೂರಿಗೆ ಸೇರುತ್ತದೆ. ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಅಜ್ಜಂಪುರ ವಿಧಾನಸಭೆಗೆ ಈಗಲೂ ತರೀಕೆರೆ ಕ್ಷೇತ್ರದೊಳಗೇ ಇದೆ. 2024ರ ಆ ಒಂದೇ ಶುಕ್ರವಾರ ಎರಡೂ ಲೋಕಸಭಾ ಕ್ಷೇತ್ರಗಳಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದ ಮತದಾನವಾಯಿತು. ಹಾಸನದಿಂದ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಗೆದ್ದರು, ಉಡುಪಿ–ಚಿಕ್ಕಮಗಳೂರಿನಿಂದ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಗೆದ್ದರು. ಒಂದು ವರ್ಷದ ಹಿಂದಷ್ಟೇ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ವಿಧಾನಸಭಾ ಕ್ಷೇತ್ರಗಳು ಕಾಂಗ್ರೆಸ್ಸಿನ ಪಾಲಾಗಿದ್ದವು.

ಕ್ಷೇತ್ರದ ಗೆರೆಗಳೂ ಒಂದೇ ಕಡೆ ನಿಲ್ಲುವುದಿಲ್ಲ. 2008ಕ್ಕೆ ಮುಂಚೆ ಬೀರೂರು ಎಂಬ ಪ್ರತ್ಯೇಕ ವಿಧಾನಸಭಾ ಕ್ಷೇತ್ರವೇ ಇತ್ತು. ಪುನರ್ವಿಂಗಡಣೆಯಲ್ಲಿ ಅದು ಹೋಯಿತು. ವರ್ಷಗಟ್ಟಲೆ ಕಟ್ಟಿದ ಬ್ಲಾಕ್ ಸಮಿತಿ, ಮುಖಂಡರ ಜಾಲ, ಹೋಬಳಿವಾರು ಲೆಕ್ಕಾಚಾರ ಎಲ್ಲವನ್ನೂ ಪಕ್ಷಗಳು ಹೊಸ ಗೆರೆಗೆ ಹೊಂದಿಸಿಕೊಳ್ಳಬೇಕಾಯಿತು.

ನಿಮ್ಮ ಆಟಕ್ಕೂ ನಮ್ಮ ನೆಲಕ್ಕೂ ಅತಿ ದೊಡ್ಡ ಅಂತರ ಇರುವುದು ಪಕ್ಷ ಎಂಬುದರಲ್ಲೇ. ಆಟದಲ್ಲಿ ಪಕ್ಷ ಎಂದರೆ ಒಂದು ಪಟ್ಟಿ. ಇಲ್ಲಿ ಅದು ಬಹುಪಾಲು ಒಬ್ಬ ಮನುಷ್ಯನ ಸುತ್ತ ಇರುವ ಸಂಬಂಧಗಳು. ಕಡೂರು 2013ರಲ್ಲಿ ಜೆಡಿಎಸ್‌ನ ವೈ.ಎಸ್.ವಿ. ದತ್ತ ಅವರನ್ನು, 2018ರಲ್ಲಿ ಬಿಜೆಪಿಯ ಬೆಳ್ಳಿ ಪ್ರಕಾಶ್ ಅವರನ್ನು, 2023ರಲ್ಲಿ ಕಾಂಗ್ರೆಸ್ಸಿನ ಕೆ.ಎಸ್. ಆನಂದ್ ಅವರನ್ನು ಆರಿಸಿತು. ಮೂರು ಚುನಾವಣೆ, ಮೂರು ಪಕ್ಷ. ನಡುವೆ ದತ್ತ ಅವರು 2023ರ ಚುನಾವಣೆಗೆ ಮುಂಚೆ ಕಾಂಗ್ರೆಸ್ ಸೇರಿ, ಟಿಕೆಟ್ ಸಿಗದೆ ಮತ್ತೆ ಜೆಡಿಎಸ್‌ಗೆ ಬಂದು ನಿಂತರು. ತರೀಕೆರೆಯಲ್ಲಿ 2008ರಿಂದ ಡಿ.ಎಸ್. ಸುರೇಶ್, ಜಿ.ಎಚ್. ಶ್ರೀನಿವಾಸ ಇಬ್ಬರೇ ಸರದಿಯಂತೆ ಗೆಲ್ಲುತ್ತಾ ಬಂದಿದ್ದಾರೆ. 2018ರಲ್ಲಿ ಕಾಂಗ್ರೆಸ್ ಟಿಕೆಟ್ ತಪ್ಪಿದಾಗ ಶ್ರೀನಿವಾಸ ಅವರು ಪಕ್ಷೇತರರಾಗಿ ನಿಂತರು. ಐದು ವರ್ಷದ ಮೇಲೆ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಮುಖಂಡರೊಬ್ಬರು ಬಂಡಾಯ ಎದ್ದರೆ ಬೂತಿನ ಹುಡುಗರಲ್ಲಿ ಎಷ್ಟು ಮಂದಿ ಅವರ ಹಿಂದೆ ಹೋಗುತ್ತಾರೆ, ಎಷ್ಟು ಮಂದಿ ಚಿಹ್ನೆಯ ಜೊತೆ ಉಳಿಯುತ್ತಾರೆ ಎಂಬುದನ್ನು ಯಾವ ಸದಸ್ಯತ್ವ ಪುಸ್ತಕವೂ ಹೇಳಲಾರದು.

ಆ ಹುಡುಗರು ತಯಾರಾಗುವ ಜಾಗ ಪಕ್ಷದ ಕಚೇರಿಯೂ ಅಲ್ಲ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುವುದಿಲ್ಲ. ಹಾಲಿನ ಡೇರಿ, ವಿಎಸ್‌ಎಸ್‌ಎನ್‌ಗಳಿಗೂ ಇಲ್ಲ. ಆದರೆ ಯಾರ ಮನೆಗೆ ಯಾರು ಹೋದರೆ ಮಾತು ನಡೆಯುತ್ತದೆ, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ, ಬೋರ್‌ವೆಲ್ ಬತ್ತಿದ ವರ್ಷ ಟ್ಯಾಂಕರ್ ನೀರು ತರಿಸಿಕೊಟ್ಟವರಾರು ಎಂಬ ಲೆಕ್ಕವೆಲ್ಲ ಕಲಿಯುವುದು ಆ ಸಣ್ಣ ಚುನಾವಣೆಗಳಲ್ಲೇ. ಅಲ್ಲಿ ಪಳಗಿದವನು ವಿಧಾನಸಭೆಯ ಹೊತ್ತಿಗೆ ಬೂತ್ ಏಜೆಂಟ್ ಆಗುತ್ತಾನೆ.

ಊರಿನಿಂದ ಹೊರಗಿರುವವರ ಪಾಡು ಇನ್ನೊಂದು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ನಾಲ್ಕೂ ಕಡೆ ರೈಲು ನಿಲ್ದಾಣವಿದೆ. ಬೀರೂರು ಜಂಕ್ಷನ್‌ನಲ್ಲಿ ಹಳಿ ಕವಲೊಡೆದು ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ ಹೋಗುತ್ತದೆ. ಮತದಾನದ ಹಿಂದಿನ ರಾತ್ರಿ ಬೆಂಗಳೂರಿನಿಂದ ಬರುವವರಿಗೆ ಇದು ಅನುಕೂಲ. ರಜೆ ಜೋಡಿಸಿಕೊಂಡು ಬೇರೆಲ್ಲೋ ಹೋಗಿಬಿಡುತ್ತಾರೆ ಎಂಬ ಯೋಚನೆಯಿಂದಲೇ 2023ರ ಮತದಾನವನ್ನು ಚುನಾವಣಾ ಆಯೋಗ ಮೇ 10ರ ಬುಧವಾರಕ್ಕೆ ಇಟ್ಟಿತ್ತು. ಹಾಗೆಂದು ‘ಹೊರಗಿರೋರನ್ನು’ ಕರೆತರಲು ಅಭ್ಯರ್ಥಿ ಬಸ್ಸು ಮಾಡಿಕೊಡುವಂತಿಲ್ಲ. ಮತದಾರರನ್ನು ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸಲು ವಾಹನ ಬಾಡಿಗೆಗೆ ತರುವುದು 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 123(5)ರ ಪ್ರಕಾರ ಭ್ರಷ್ಟಾಚರಣೆ. ರುಜುವಾತಾದರೆ ಗೆಲುವೇ ರದ್ದಾಗಬಹುದು.

ಇನ್ನು ನಿಮ್ಮ ಪಕ್ಷಕ್ಕೆ ಮಾಡಬೇಕಾದದ್ದು. ಹೊಸ ಸದಸ್ಯರನ್ನು ಸೇರಿಸುವುದನ್ನು ಒಂದು ತಿಂಗಳು ನಿಲ್ಲಿಸಿ. ಮುನ್ನೂರು ಹೆಸರನ್ನು ಮೂರು ಪಾಲು ಮಾಡಿ: ಕಳೆದ ಚುನಾವಣೆಯಲ್ಲಿ ಮತ ಹಾಕಿದವರು, ಆಟಕ್ಕೆ ಬರುತ್ತಾರೆ ಆದರೆ ಹಾಕಲಿಲ್ಲ ಎಂಬವರು, ಬರುವುದನ್ನೇ ಬಿಟ್ಟವರು. ಮೂರನೆಯ ಪಾಲನ್ನು ಮರೆತುಬಿಡಿ. ಮೊದಲನೆಯ ಪಾಲಿನ ಒಬ್ಬೊಬ್ಬರಿಗೂ ಎರಡನೆಯ ಪಾಲಿನ ನಾಲ್ಕೈದು ಹೆಸರು ಒಪ್ಪಿಸಿ. ಆದಷ್ಟೂ ಪರಿಚಯದವರನ್ನೇ ಒಪ್ಪಿಸಿ. ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶ ಬೇಡ. ಹೆಸರು ಹಿಡಿದು ಕೇಳಲಿ. ಮತದಾನ ಮುಗಿಯಲು ಕೆಲವು ಗಂಟೆ ಉಳಿದಿರುವಾಗ ಗೀಟು ಬೀಳದವರನ್ನು ಮತ್ತೊಮ್ಮೆ ಕೇಳಲಿ. ನಲವತ್ತೈದು ಜನರನ್ನು ಹಿಂದೆ ಹಾಕಲು ನಿಮಗೆ ಇನ್ನು ಹತ್ತು ಮತ ಸಾಕು, ಮುನ್ನೂರು ಬೇಡ. ಒಂದು ಎಚ್ಚರಿಕೆ: ಒಬ್ಬರೇ ಎರಡು ಖಾತೆ ತೆರೆದು ಲೆಕ್ಕ ತುಂಬಿಸುವ ಉಪಾಯಕ್ಕೆ ಹೋಗಬೇಡಿ. ನಿಜದ ಮತದಾರರ ಪಟ್ಟಿಯಲ್ಲೂ ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟು ಸೇರಿಸಿಕೊಂಡರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ನೀವು ಪಿಯುಸಿ ಎಂದು ಬರೆದಿದ್ದೀರಿ. 17 ತುಂಬಿದ್ದರೆ ಮತದಾರರ ಪಟ್ಟಿಗೆ ಸೇರಲು ಈಗಲೇ ಫಾರಂ 6 ತುಂಬಿ ಮುಂಗಡವಾಗಿ ಅರ್ಜಿ ಕೊಡಬಹುದು. ಮೊದಲು ಜನವರಿ 1ರ ಲೆಕ್ಕ ಒಂದೇ ಇತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. 18 ತುಂಬಿದ ಮೇಲೆ ಬರುವ ಅಂಥ ಮೊದಲ ದಿನಕ್ಕೆ ನಿಮ್ಮ ಹೆಸರು ಪಟ್ಟಿಗೆ ಬರುತ್ತದೆ. ಆಮೇಲೆ ನಿಮಗೆ ಒಪ್ಪುವ ಪಕ್ಷ ಯಾವುದೇ ಇರಲಿ, ಒಂದು ಚುನಾವಣೆಗೆ ಬೂತ್ ಏಜೆಂಟ್ ಆಗಿ ಕೂತು ನೋಡಿ. ಬೆಳಗಿನ ಐದೂವರೆಗೆ ಬೂತಿಗೆ ಬರಲು ಒಪ್ಪುವವರಿಗೆ ಯಾವ ಪಕ್ಷದಲ್ಲೂ ಬರವೇ.